ಮಾಳಿಗೆ ಅಗೆದ ನಾಲ್ವರು, ಮಾತೇ ಆಡದ ಒಬ್ಬ

ಬೈಬಲ್‌ನಲ್ಲಿ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆಯಿರಿ. ಮೊದಲ 12 ವಚನ ಓದಲು ಎರಡು ನಿಮಿಷ ಸಾಕು. ಕಥೆಯೂ ಸರಳ. ಯೇಸು ಒಂದು ಮನೆಯೊಳಗೆ ಮಾತಾಡುತ್ತಿದ್ದಾರೆ. ಬಾಗಿಲ ಬಳಿಯೂ ಕಾಲಿಡಲು ಜಾಗವಿಲ್ಲ. ಪಾರ್ಶ್ವವಾಯು ಹೊಡೆದ ಒಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಮಾಳಿಗೆ ಹತ್ತುತ್ತಾರೆ, ಅದನ್ನು ಅಗೆಯುತ್ತಾರೆ, ಚಾಪೆ ಸಮೇತ ಅವನನ್ನು ಕೆಳಗೆ ಇಳಿಬಿಡುತ್ತಾರೆ. ಯೇಸು ಅವನಿಗೆ "ಮಗೂ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ" ಅನ್ನುತ್ತಾರೆ. ಅಲ್ಲೇ ಕೂತಿದ್ದ ಶಾಸ್ತ್ರಿಗಳಿಗೆ, ಅಂದರೆ ಯೆಹೂದ್ಯ ಧರ್ಮಶಾಸ್ತ್ರದ ಪಂಡಿತರಿಗೆ, ಇದು ಸರಿ ಕಾಣುವುದಿಲ್ಲ. ಕೊನೆಗೆ ಆ ಮನುಷ್ಯ ಎದ್ದು, ಚಾಪೆ ಎತ್ತಿಕೊಂಡು, ಎಲ್ಲರ ಎದುರೇ ಹೊರಗೆ ನಡೆಯುತ್ತಾನೆ.

ಪವಾಡದ ಕಥೆ ಅಂತ ಓದಿ ಮುಗಿಸಬಹುದು. ಆದರೆ ನಡುವೆ ಒಂದು ಕಡೆ ಕಾಲು ಎಡವುತ್ತದೆ. ಆ ನಾಲ್ವರು ಇಷ್ಟೆಲ್ಲ ಕಷ್ಟಪಟ್ಟದ್ದು ಅವನ ಕೈಕಾಲು ಆಡಲಿ ಅಂತ. ಸಿಕ್ಕಿದ್ದು ಕ್ಷಮೆ. ಅವನು ಅದನ್ನು ಕೇಳಿಯೂ ಇರಲಿಲ್ಲ. ನಿಜ ಹೇಳಬೇಕೆಂದರೆ ಈ 12 ವಚನಗಳಲ್ಲಿ ಅವನು ಬಾಯಿಯೇ ಬಿಡುವುದಿಲ್ಲ.

ಪ್ರಾರ್ಥನಾ ಕೂಟಗಳಲ್ಲಿ, ಬೈಬಲ್ ಅಧ್ಯಯನಗಳಲ್ಲಿ ಈ ಭಾಗವನ್ನು ನಂಬಿಕೆ, ಕರುಣೆ, ಕ್ಷಮೆ ಎಂಬ ಮೂರು ತಲೆಬರಹಗಳಡಿ ಹಂಚಿ ಹೇಳುವುದು ರೂಢಿ. ನನಗೆ ಆ ದಾರಿ ಅಷ್ಟು ಹಿಡಿಸುವುದಿಲ್ಲ. ಮಾರ್ಕ ಈ ಮೂರನ್ನೂ ಭಾವನೆಗಳ ಹಾಗೆ ಬರೆದಿಲ್ಲ. ಅವನ ಕೈಯಲ್ಲಿ ಅವು ಕೆಲಸಗಳು: ಅಗೆಯುವುದು, ಇಳಿಸುವುದು, ಬಿಡುವುದು, ಏಳುವುದು, ಹೊರುವುದು. ಈ ಕ್ರಿಯಾಪದಗಳ ಹಿಂದೆ ಹೋದರೆ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮನೆ ಹೇಗಿತ್ತು?

ಊರು ಕಪೆರ್ನೌಮ್. ಹೀಬ್ರೂವಿನಲ್ಲಿ ಕ್ಫಾರ್ ನಹೂಮ್, ಅಂದರೆ ನಹೂಮನ ಹಳ್ಳಿ. ಗಲಿಲಾಯ ಸರೋವರದ ವಾಯವ್ಯ ದಡದ ಊರು, ಮೀನುಗಾರರ ಊರು. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ. ಇಲ್ಲಿ ಪಾಳುಬಿದ್ದಿದ್ದ ಜಾಗವನ್ನು 1894ರಲ್ಲಿ ಫ್ರಾನ್ಸಿಸ್ಕನ್ ಎಂಬ ಕ್ರೈಸ್ತ ಸನ್ಯಾಸಿ ಸಭೆಯವರು ಕೊಂಡುಕೊಂಡರು. 1968ರಿಂದ ವಿರ್ಜಿಲಿಯೊ ಕೊರ್ಬೊ ಮತ್ತು ಸ್ಟಾನಿಸ್ಲಾವೊ ಲೊಫ್ರೆಡಾ ಎಂಬಿಬ್ಬರು ಪುರಾತತ್ವಜ್ಞರು ಅಲ್ಲಿ ವರ್ಷಗಟ್ಟಲೆ ಉತ್ಖನನ ಮಾಡಿದರು. ಅದರಿಂದಾಗಿ ಆ ಕಾಲದ ಸಾಮಾನ್ಯ ಜನರ ಮನೆ ಹೇಗಿತ್ತು ಅನ್ನುವುದು ನಮಗೆ ಚೆನ್ನಾಗಿಯೇ ಗೊತ್ತು.

ಕಪ್ಪು ಬಸಾಲ್ಟ್ ಕಲ್ಲಿನ ಗೋಡೆ. ಕಲ್ಲನ್ನು ಹದವಾಗಿ ಕೆತ್ತಿರಲಿಲ್ಲ, ಸಂದಿಯಲ್ಲಿ ಸಣ್ಣ ಕಲ್ಲು, ಮಣ್ಣು ತುಂಬುತ್ತಿದ್ದರು. ನಡುವೆ ಒಂದು ಅಂಗಳ, ಅದರ ಸುತ್ತ ಸಣ್ಣ ಸಣ್ಣ ಕೋಣೆ. ಇಂಥ ಗೋಡೆ ಭಾರ ತಡೆಯುವುದಿಲ್ಲ. ಹಾಗಾಗಿ ಮೇಲೆ ಹಗುರವಾದ ಮಾಳಿಗೆ: ಮರದ ತೊಲೆ, ಅದರ ಮೇಲೆ ರೆಂಬೆ ಕೊಂಬೆ, ಅದರ ಮೇಲೆ ಮಣ್ಣು. ಹತ್ತಿ ಹೋಗಲು ಅಂಗಳದಿಂದಲೇ ಮೆಟ್ಟಿಲು. ಮಳೆಗಾಲ ಬಂದರೆ ಈ ಮಣ್ಣಿನ ಮೇಲೆ ಹುಲ್ಲು ಹುಟ್ಟುತ್ತಿತ್ತು, ಬಿಸಿಲಿಗೆ ಬೇಗ ಒಣಗುತ್ತಿತ್ತು. ಬೈಬಲ್‌ನ 129ನೇ ಕೀರ್ತನೆಯಲ್ಲಿ "ಮಾಳಿಗೆಯ ಮೇಲಿನ ಹುಲ್ಲು" ಅಂತ ಬರುವುದು ಇದೇ ಹುಲ್ಲು.

ಈಗ ಮತ್ತೆ ನಾಲ್ಕನೇ ವಚನ ಓದಿ. ಮಾರ್ಕ ಗ್ರೀಕಿನಲ್ಲಿ ಬರೆದ. ಅಲ್ಲಿ ಎರಡು ಕ್ರಿಯಾಪದಗಳಿವೆ. ಒಂದು, "ಮಾಳಿಗೆ ಕಳಚಿದರು" ಎಂಬ ಥರದ್ದು. ಇನ್ನೊಂದು ಅಪ್ಪಟ ಮಣ್ಣಿನ ಕೆಲಸದ ಪದ: ಅಗೆದರು. ಆ ಮನೆಯ ಮಾಳಿಗೆ ಗೊತ್ತಿದ್ದವನಿಗೆ ಮಾತ್ರ ಈ ಪದ ಹೊಳೆಯುತ್ತದೆ. ಇದೇ ಕಥೆ ಲೂಕನ ಸುವಾರ್ತೆಯ ಐದನೇ ಅಧ್ಯಾಯದಲ್ಲೂ ಇದೆ. ಆದರೆ ಲೂಕ "ಹೆಂಚುಗಳನ್ನು ಸರಿಸಿ" ಇಳಿಸಿದರು ಅನ್ನುತ್ತಾನೆ. ಅವನ ಓದುಗರು ಗ್ರೀಕ್, ರೋಮನ್ ಪಟ್ಟಣಗಳ ಜನ. ಅವರಿಗೆ ಮನೆ ಅಂದರೆ ಹೆಂಚಿನ ಮನೆ. ಕಥೆ ಊರು ಬದಲಿಸಿದಾಗ ಸೂರೂ ಬದಲಾಗಿದೆ, ಅಷ್ಟೇ.

ಮಾಳಿಗೆ ಅಗೆದರೆ ಏನಾಗುತ್ತದೆ? ಕೆಳಗೆ ಕೂತವರ ತಲೆಯ ಮೇಲೆ ಮಣ್ಣು ಉದುರುತ್ತದೆ. ಉಪದೇಶ ನಿಲ್ಲುತ್ತದೆ. ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ಮೊದಲು ಒಂದು ಕಿರಿದಾದ ಬೆಳಕು, ಆಮೇಲೆ ಕೈಗಳು, ಆಮೇಲೆ ಇಡೀ ಮನುಷ್ಯ ಹಾಯುವಷ್ಟು ತೂತು. ಐದು ನಿಮಿಷದಲ್ಲಿ ಆಗುವ ಕೆಲಸ ಅಲ್ಲ ಇದು. ಮಾರ್ಕ ಇದನ್ನೆಲ್ಲ ಬಿಡಿಸಿ ಹೇಳಿಲ್ಲ. ಮನೆಯವರು ಬೈದರು ಅಂತಲೂ ಬರೆದಿಲ್ಲ. ಪ್ರತಿ ಸಲ ಓದಿದಾಗಲೂ ನನ್ನ ತಲೆಗೆ ಮೊದಲು ಬರುವುದು ಆ ಮನೆಯವರೇ. ಅದು ಬಹುಶಃ ಯೇಸುವಿನ ಶಿಷ್ಯ ಸೀಮೋನ ಪೇತ್ರನ ಮನೆ ಎಂದು ಅನೇಕರು ಭಾವಿಸುತ್ತಾರೆ, ಏಕೆಂದರೆ ಹಿಂದಿನ ಅಧ್ಯಾಯದಲ್ಲಿ ಯೇಸು ಅದೇ ಊರಿನಲ್ಲಿ ಅವನ ಮನೆಗೆ ಹೋಗಿದ್ದರು. ಅವನ ಅತ್ತೆಗೆ ಜ್ವರ ಬಂದಿದ್ದು ಆಗಲೇ.

ನಂಬಿಕೆ ಯಾರದು?

ಐದನೇ ವಚನದಲ್ಲಿ "ಯೇಸು ಅವರ ನಂಬಿಕೆಯನ್ನು ನೋಡಿ" ಎಂದಿದೆ. ಎರಡು ಪದಗಳ ಮೇಲೆ ಬೆರಳಿಡಿ. ಮೊದಲನೆಯದು "ನೋಡಿ". ನಂಬಿಕೆ ಎದೆಯೊಳಗಿನ ವಿಷಯ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಾದರೆ ಕಣ್ಣಿಗೆ ಕಂಡಿದ್ದೇನು? ಮುರಿದ ರೆಂಬೆ, ಮಣ್ಣು ಮೆತ್ತಿದ ಕೈ, ಮೇಲಿಂದ ಇಣುಕುವ ನಾಲ್ಕು ಮುಖ. ಈ ನಾಲ್ವರು "ನಾವು ನಂಬುತ್ತೇವೆ" ಅಂತ ಎಲ್ಲೂ ಹೇಳುವುದಿಲ್ಲ. ಅವರಿಗೂ ಒಂದೇ ಒಂದು ಮಾತಿಲ್ಲ.

ಮತ್ತಾಯನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಇದೇ ಕಥೆ ಚುಟುಕಾಗಿ ಬರುತ್ತದೆ. ಮತ್ತಾಯ ಮಾಳಿಗೆಯ ಭಾಗವನ್ನು ಪೂರ್ತಿ ಕೈಬಿಟ್ಟಿದ್ದಾನೆ. ಆದರೆ "ಅವರ ನಂಬಿಕೆಯನ್ನು ನೋಡಿ" ಎಂಬ ಮಾತು ಮಾತ್ರ ಉಳಿದಿದೆ. ಮಾರ್ಕನನ್ನು ಓದದೆ ಮತ್ತಾಯನನ್ನಷ್ಟೇ ಓದಿದವರಿಗೆ ಯೇಸು ನೋಡಿದ್ದಾದರೂ ಏನನ್ನು ಅಂತ ಗೊತ್ತೇ ಆಗುವುದಿಲ್ಲ. ಈ ಮೂರು ಸುವಾರ್ತೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಇಂಥದ್ದು ಬೇಕಾದಷ್ಟು ಸಿಗುತ್ತದೆ.

ಇನ್ನೊಂದು ಪದ "ಅವರ". ಬಹುವಚನ. ಹೊತ್ತು ತಂದ ನಾಲ್ವರದ್ದು ಮಾತ್ರವೇ, ಇಲ್ಲ ಮಲಗಿದ್ದವನದ್ದೂ ಸೇರಿಯೇ? ಇದರ ಬಗ್ಗೆ ಹಳೆಯ ಕಾಲದಿಂದಲೂ ಚರ್ಚೆ ಇದೆ. ನಾಲ್ಕನೇ ಶತಮಾನದ ದೊಡ್ಡ ಉಪದೇಶಕ ಜಾನ್ ಕ್ರಿಸೊಸ್ತೊಮ್ ಅವರ ವಾದ ಹೀಗೆ: ಮಲಗಿದ್ದವನಿಗೂ ನಂಬಿಕೆ ಇತ್ತು, ಇಲ್ಲದಿದ್ದರೆ ಮಾಳಿಗೆಯಿಂದ ಇಳಿಬಿಡಲು ಅವನು ಒಪ್ಪುತ್ತಲೇ ಇರಲಿಲ್ಲ. ಮಾತು ನ್ಯಾಯವೇ. ಕೈಕಾಲು ಆಡದವನು ಗಾಳಿಯಲ್ಲಿ ತೂಗಾಡುತ್ತಾ ಇಳಿಯುವುದು ಸುಮ್ನೆ ಅಲ್ಲ. ಹಿಡಿದವರ ಕೈ ಜಾರಿದರೆ ಇದ್ದದ್ದೂ ಹೋಯಿತು.

ಆದರೂ ಕಥೆಯ ಭಾರ ನಾಲ್ವರ ಕಡೆಗೇ ವಾಲುತ್ತದೆ ಎಂದು ನನಗೆ ಅನಿಸುತ್ತದೆ. ಸುವಾರ್ತೆಗಳಲ್ಲಿ ಬೇರೆ ಕಡೆ ಯೇಸು "ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥ ಮಾಡಿತು" ಅನ್ನುತ್ತಾರೆ. ಇಲ್ಲಿ ಹಾಗೆ ಹೇಳುವುದಿಲ್ಲ. ನಂಬುವ ಶಕ್ತಿಯೂ ಉಳಿಯದ ದಿನಗಳು ಎಲ್ಲರಿಗೂ ಬರುತ್ತವೆ. ಅಂಥ ದಿನ ಬೇರೆಯವರ ನಂಬಿಕೆಯ ಮೇಲೆ ಮಲಗಿಕೊಂಡು ಬಂದರೂ ನಡೆಯುತ್ತದೆ, ಮಾರ್ಕ ಇದಕ್ಕೆ ಅಡ್ಡಿ ಹೇಳುವುದಿಲ್ಲ.

ಕರುಣೆಯ ಪದ ಇಲ್ಲ, ಕರುಳು ಇದೆ

ವಿಚಿತ್ರ ಏನೆಂದರೆ ಈ 12 ವಚನಗಳಲ್ಲಿ ಕರುಣೆ, ಕನಿಕರ ಎಂಬ ಪದವೇ ಇಲ್ಲ. ಅದು ಇರುವುದು ಇದಕ್ಕೆ ಮುಂಚಿನ ಪುಟದಲ್ಲಿ. ಒಂದನೇ ಅಧ್ಯಾಯದ ಕೊನೆಯಲ್ಲಿ ಕುಷ್ಠರೋಗಿಯೊಬ್ಬ ಬಂದು ಮೊಣಕಾಲೂರುತ್ತಾನೆ. ಯೇಸು ಕನಿಕರಪಟ್ಟು ಕೈಚಾಚಿ ಅವನನ್ನು ಮುಟ್ಟುತ್ತಾರೆ. ಬಹುತೇಕ ಹಸ್ತಪ್ರತಿಗಳಲ್ಲಿ ಅಲ್ಲಿರುವ ಗ್ರೀಕ್ ಕ್ರಿಯಾಪದ "ಸ್ಪ್ಲಾಂಖ್ನಾ" ಎಂಬ ನಾಮಪದದಿಂದ ಹುಟ್ಟಿದ್ದು. ಅದರ ಅರ್ಥ ಹೊಟ್ಟೆಯೊಳಗಿನ ಅಂಗಗಳು. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. "ಕರುಳು ಚುರ್ ಅಂತು" ಅನ್ನುತ್ತೇವಲ್ಲ, ಅದೇ. ಎಷ್ಟೋ ಭಾಷೆಗಳವರು ಈ ಪದಕ್ಕೆ ಹೃದಯವನ್ನು ತಂದು ಒಪ್ಪಿಸುತ್ತಾರೆ. ನಮಗೆ ಕರುಳೇ ಸಿದ್ಧವಾಗಿದೆ.

ಕುಷ್ಠರೋಗಿಯ ಕಥೆಯಲ್ಲಿ ಕರುಳು ಚುರ್ ಅಂದಿದ್ದು ಯೇಸುವಿಗೆ. ಮುಂದಿನ ಕಥೆಯಲ್ಲಿ, ಪದ ಇಲ್ಲದಿದ್ದರೂ, ಅದು ನಾಲ್ವರು ಹೆಸರಿಲ್ಲದವರ ಕೈಗೆ ಇಳಿದಿದೆ. ಒಬ್ಬನನ್ನು ಚಾಪೆಯಲ್ಲಿ ಮಲಗಿಸಿ ನಾಲ್ಕು ಮೂಲೆ ಹಿಡಿದು ನಡೆಯುವುದನ್ನು ಯೋಚಿಸಿ ನೋಡಿ. ಒಬ್ಬ ಬೇಗ ನಡೆದರೆ ಚಾಪೆ ವಾಲುತ್ತದೆ. ಒಬ್ಬ ಕುಳ್ಳಗಿದ್ದರೆ ಉಳಿದವರು ಬಗ್ಗಬೇಕು. ನಾಲ್ವರ ಹೆಜ್ಜೆ ಒಂದಾಗದೆ ಕೆಲಸ ಸಾಗುವುದಿಲ್ಲ. ಬಾಗಿಲಿನ ಹತ್ತಿರ ಜನ ಕದಲದೇ ಇದ್ದಾಗ "ನಮ್ಮ ಕೈಲಾದ್ದು ಮಾಡಿದೆವು, ಇನ್ನೊಂದು ದಿನ ಬರೋಣ" ಅಂತ ವಾಪಸ್ ಹೋಗಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ.

ಬಾಗಿಲಲ್ಲಿ ನಿಂತ ಜನ ಕೆಟ್ಟವರೇನಲ್ಲ. ದೇವರ ಮಾತು ಕೇಳಲೆಂದೇ ಬಂದವರು. ಆದರೆ ರೋಗಿಗೆ ದಾರಿ ಕಟ್ಟಿದ್ದು ಅವರೇ. ಮಾರ್ಕ ಇದರ ಬಗ್ಗೆ ಟೀಕೆ ಮಾಡುವುದಿಲ್ಲ, ಹಾಗೇ ಮುಂದೆ ಹೋಗುತ್ತಾನೆ.

"ಪಾಪ" ಎನ್ನುವುದು ಎರಡು ಥರ

ಕನ್ನಡದಲ್ಲಿ ಈ ಕಥೆ ಓದುವವರಿಗೆ ಒಂದು ಹೆಚ್ಚಿನ ಅನುಕೂಲ ಇದೆ. ಚಾಪೆಯ ಮೇಲೆ ಮಲಗಿದವನನ್ನು ಕಂಡರೆ ನಮ್ಮ ಬಾಯಲ್ಲಿ ತಾನಾಗಿ ಬರುವ ಮಾತು "ಅಯ್ಯೋ, ಪಾಪ!" ಅದು ಮರುಕ. ಅದೇ ಪದ ಸ್ವಲ್ಪ ದನಿ ಬದಲಿಸಿದರೆ ತೀರ್ಪು: "ಏನು ಪಾಪ ಮಾಡಿದ್ದನೋ!" ಒಬ್ಬನ ಕಾಯಿಲೆಯ ಮುಂದೆ ನಿಂತು ಜನ ಎರಡನ್ನೂ ಆಡುತ್ತಾರೆ, ಕೆಲವೊಮ್ಮೆ ಒಂದೇ ಉಸಿರಿನಲ್ಲಿ.

ಯೇಸುವಿನ ಕಾಲದಲ್ಲೂ ಹಾಗೆಯೇ ಇತ್ತು. ಕಾಯಿಲೆ ಬಂತೆಂದರೆ ಎಲ್ಲೋ ತಪ್ಪು ಮಾಡಿರಬೇಕು ಎಂಬುದು ಹಲವರ ಲೆಕ್ಕ. ಹಾಗಾಗಿ "ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ" ಎಂಬ ಮಾತು ಓದಿದ ಕೂಡಲೇ ಇಂದಿಗೂ ಕೆಲವರು, "ನೋಡಿ, ಅವನ ಪಾಪದಿಂದಲೇ ಅವನಿಗೆ ಹೀಗಾಗಿದ್ದು" ಎಂದು ಅರ್ಥ ಮಾಡಿಬಿಡುತ್ತಾರೆ. ಅಂಗವಿಕಲರಿಗೆ, ಅವರ ತಂದೆತಾಯಿಗೆ ಈ ಅರ್ಥದಿಂದ ಆಗಿರುವ ನೋವು ಕಡಿಮೆ ಅಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಮಾರ್ಕನ ಪಠ್ಯದಲ್ಲಿ ಆ ಸಂಬಂಧ ಇಲ್ಲ. ಅವನು ಏನು ತಪ್ಪು ಮಾಡಿದ್ದ ಎಂದು ಯಾರೂ ಕೇಳುವುದಿಲ್ಲ, ಯೇಸುವೂ ಹೇಳುವುದಿಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ತೋರಿಸಿ, ಇವನು ಪಾಪ ಮಾಡಿದ್ದೋ, ಇವನ ತಂದೆತಾಯಿಯೋ ಎಂದು ನೇರವಾಗಿ ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಎಂಬುದು ಯೇಸುವಿನ ಉತ್ತರ. ಲೂಕನ 13ನೇ ಅಧ್ಯಾಯದಲ್ಲಿ ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತ ಸುದ್ದಿ ಬರುತ್ತದೆ. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ? ಅಲ್ಲ, ಅನ್ನುತ್ತಾರೆ ಯೇಸು.

ಹಾಗಾದರೆ ಮೊದಲು ಕ್ಷಮೆ, ಆಮೇಲೆ ಕೈಕಾಲು ಯಾಕೆ? ವಿದ್ವಾಂಸರು ಹಲವು ಉತ್ತರ ಕೊಡುತ್ತಾರೆ. 103ನೇ ಕೀರ್ತನೆಯಲ್ಲಿ ದೇವರು ಅಪರಾಧಗಳನ್ನು ಕ್ಷಮಿಸುವವನು, ರೋಗಗಳನ್ನು ವಾಸಿಮಾಡುವವನು ಎಂದು ಎರಡೂ ಒಂದೇ ವಚನದಲ್ಲಿ, ಇದೇ ಕ್ರಮದಲ್ಲಿ ಬರುತ್ತವೆ. ಯೆಹೂದ್ಯರಿಗೆ ಆ ಹಾಡು ಗೊತ್ತಿದ್ದದ್ದೇ. ನನಗೆ ಹೆಚ್ಚು ಹಿಡಿಸುವ ಉತ್ತರ ಇನ್ನೂ ಸರಳವಾದದ್ದು. "ಏನು ಪಾಪ ಮಾಡಿದ್ದನೋ" ಎಂಬ ಪಿಸುಮಾತನ್ನು ವರ್ಷಗಟ್ಟಲೆ ಕೇಳುತ್ತಾ ಮಲಗಿದವನಿಗೆ, ಅದೇ ಮಾತನ್ನು ತಾನೂ ನಂಬಿಕೊಂಡಿರಬಹುದಾದವನಿಗೆ, ತುಂಬಿದ ಮನೆಯ ನಡುವೆ ಎಲ್ಲರಿಗೂ ಕೇಳುವಂತೆ ಮೊದಲು ಆ ಹೊರೆ ಇಳಿಸಿದರು. ಕರೆದದ್ದೂ ನೋಡಿ. ಗ್ರೀಕಿನಲ್ಲಿ "ಟೆಕ್ನೋನ್", ಅಂದರೆ ಮಗು. ಬೆಳೆದ ಗಂಡಸನ್ನು ನಾಲ್ಕು ಜನರೆದುರು ಮಗೂ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಲೂಕನಲ್ಲಿ ಈ ಪದ ಬಿಟ್ಟುಹೋಗಿ ಬರೀ "ಮನುಷ್ಯನೇ" ಎಂದಾಗಿದೆ. ನಷ್ಟ ಓದುಗನಿಗೇ.

ಬಿಡು

ಈಗ ಕಥೆಯ ನಡುತೊಲೆಗೆ ಬರೋಣ. "ಕ್ಷಮಿಸು" ಎಂಬಲ್ಲಿ ಮಾರ್ಕ ಬಳಸುವ ಗ್ರೀಕ್ ಕ್ರಿಯಾಪದ "ಅಫಿಯೆಮಿ". ಇದು ದೇವಾಲಯಕ್ಕೇ ಮೀಸಲಾದ ದೊಡ್ಡ ಪದ ಅಲ್ಲ. ದಿನಬಳಕೆಯ ಪದ. ಅದರ ಮೂಲ ಅರ್ಥ ಬಿಡುವುದು. ಒಂದನೇ ಅಧ್ಯಾಯದಲ್ಲೇ ಇದೇ ಕ್ರಿಯಾಪದ ಹಲವು ಸಲ ಬರುತ್ತದೆ, ಬೇರೆ ಬೇರೆ ಜಾಗದಲ್ಲಿ. ಸೀಮೋನ, ಅಂದ್ರೆಯ ಇಬ್ಬರೂ ಬಲೆಗಳನ್ನು ಬಿಟ್ಟು ಯೇಸುವಿನ ಹಿಂದೆ ಹೋದರು. ಯಾಕೋಬ, ಯೋಹಾನ ತಂದೆಯನ್ನು ದೋಣಿಯಲ್ಲೇ ಬಿಟ್ಟು ಹೋದರು. ಸೀಮೋನನ ಅತ್ತೆಗೆ ಜ್ವರ ಬಿಟ್ಟಿತು.

ಜ್ವರ ಬಿಟ್ಟಿತು! ಗ್ರೀಕಿನವರೂ ಹಾಗೇ ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತೇವೆ. ಬಲೆ ಬಿಟ್ಟರು, ತಂದೆಯನ್ನು ಬಿಟ್ಟರು, ಜ್ವರ ಬಿಟ್ಟಿತು. ಪುಟ ತಿರುಗಿಸಿದರೆ ಪಾಪ ಬಿಟ್ಟಿತು. ಮೂಲದಲ್ಲಿ ಓದಿದವರ ಕಿವಿಗೆ ಈ ಸರಣಿ ಕೇಳಿಸಿರಬೇಕು. ಅನುವಾದದಲ್ಲಿ "ಕ್ಷಮಿಸಲ್ಪಟ್ಟಿವೆ" ಎಂದು ಬಂದ ಕೂಡಲೇ ಅದು ಕಡಿದುಹೋಗುತ್ತದೆ. ವ್ಯಾಕರಣ ಸರಿಯೇ ಇದೆ, ಕರ್ಮಣಿ ಪ್ರಯೋಗವೂ ಮೂಲದಲ್ಲಿ ಇರುವುದೇ. ಆದರೆ ಜ್ವರ ಇಳಿದವನಿಗೆ ಆಗುವ ಹಗುರ ಆ ಪದದಲ್ಲಿ ಸಿಗುವುದಿಲ್ಲ.

ಸಾಲಕ್ಕೂ ಇದೇ ಕ್ರಿಯಾಪದ. ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸು ಒಂದು ಸಾಮತಿ, ಅಂದರೆ ದೃಷ್ಟಾಂತದ ಕಥೆ, ಹೇಳುತ್ತಾರೆ. ಒಬ್ಬ ಆಳು ತನ್ನ ಅರಸನಿಗೆ 10,000 ತಲಾಂತು ಬಾಕಿ. ಒಂದು ತಲಾಂತಿಗೆ 6,000 ದಿನಾರಿ, ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ಒಟ್ಟು ಆರು ಕೋಟಿ ದಿನದ ಕೂಲಿ! ಆಗ ಗಲಿಲಾಯ ಮತ್ತು ಪೆರೆಯ ಪ್ರಾಂತ್ಯಗಳಿಂದ ಹೆರೋದ ಅಂತಿಪನಿಗೆ ವರ್ಷಕ್ಕೆ ಬರುತ್ತಿದ್ದ ಆದಾಯ 200 ತಲಾಂತು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಂದರೆ ಆ ಆಳಿನ ಸಾಲ ಒಬ್ಬ ದೊರೆಯ 50 ವರ್ಷದ ಆದಾಯ. ಕೇಳುತ್ತಿದ್ದವರು ನಕ್ಕಿರಬೇಕು. ಅರಸನಿಗೆ ಕರುಳು ಚುರ್ ಅಂತು, ಅವನು ಸಾಲ ಬಿಟ್ಟುಬಿಟ್ಟ. ನಾವು ಮೇಲೆ ನೋಡಿದ ಎರಡೂ ಕ್ರಿಯಾಪದಗಳು, ಕರುಳಿನದು ಮತ್ತು ಬಿಡುವುದು, ಇಲ್ಲಿ ಒಂದೇ ವಾಕ್ಯದಲ್ಲಿ ಸೇರಿವೆ. ಮುಂದಿನ ಭಾಗ ಗೊತ್ತಲ್ಲ? ಹೊರಗೆ ಬಂದ ಆಳು, ತನಗೆ ಬರೀ 100 ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಅವನು ಬಿಡುವುದಿಲ್ಲ.

ಕ್ಷಮೆ ಅಂದರೆ ಬಿಡುವುದು ಎಂದು ಹಿಡಿದರೆ ಕೆಲವು ಗೊಂದಲ ತಪ್ಪುತ್ತದೆ. ಬಿಡುವುದೆಂದರೆ ಮರೆಯುವುದಲ್ಲ. ಅರಸನಿಗೆ ಸಾಲದ ಮೊತ್ತ ಚೆನ್ನಾಗಿ ನೆನಪಿತ್ತು. ಬಿಡುವುದೆಂದರೆ ತಪ್ಪೇ ಆಗಿಲ್ಲ ಅನ್ನುವುದೂ ಅಲ್ಲ, ಸಾಲ ಇದ್ದರೆ ತಾನೇ ಬಿಡುವುದು. ಕೈಯಲ್ಲಿ ಬಿಗಿಯಾಗಿ ಹಿಡಿದ ಪತ್ರವನ್ನು ಬಿಡುವುದು, ಅಷ್ಟೇ. ಇದೇ ಮಾರ್ಕನ 11ನೇ ಅಧ್ಯಾಯದಲ್ಲಿ ಯೇಸು, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಅದನ್ನು ಬಿಟ್ಟುಬಿಡಿ ಎನ್ನುತ್ತಾರೆ. ಅಲ್ಲೂ ಅದೇ ಕ್ರಿಯಾಪದ.

ಪಶ್ಚಾತ್ತಾಪ ಬೇಡವೇ ಎಂದು ಕೇಳಬಹುದು. ಮಾರ್ಕನಲ್ಲಿ ಯೇಸುವಿನ ಮೊದಲ ಮಾತುಗಳಲ್ಲೇ "ಮನಸ್ಸು ತಿರುಗಿಸಿಕೊಳ್ಳಿ" ಎಂಬ ಕರೆ ಇದೆ. ಹಾಗಾಗಿ ಬೇಡ ಎಂದು ಹೇಳಲಾಗದು. ಆದರೆ ಈ ಒಂದು ಕಥೆಯಲ್ಲಿ ಮಾತ್ರ ಅದಕ್ಕೆ ಜಾಗ ಮಾಡಿಲ್ಲ. ಅವನಿಂದ ಒಂದು ಪದವನ್ನೂ ಕೇಳದೆ ಕ್ಷಮೆ ಬಂದಿದೆ. ಇದನ್ನು ನಿಯಮಕ್ಕೆ ಹೊಂದಿಸಲು ಹೋಗಿ ಕಥೆಯ ಬಿಸಿ ಆರಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಶಾಸ್ತ್ರಿಗಳ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ

ಶಾಸ್ತ್ರಿಗಳನ್ನು ಖಳನಾಯಕರ ಹಾಗೆ ಓದುವ ಚಾಳಿ ಇದೆ. ಅವರು ಏನು ಯೋಚಿಸಿದರು ನೋಡಿ: "ಇವನು ಹೀಗೆ ಮಾತಾಡುವುದೇ? ಇದು ದೇವದೂಷಣೆ. ದೇವರೊಬ್ಬನೇ ಹೊರತು ಪಾಪಗಳನ್ನು ಕ್ಷಮಿಸುವವರು ಯಾರು?" ಅವರ ಶಾಸ್ತ್ರದ ಪ್ರಕಾರ ಇದು ಸರಿಯಾದ ಪ್ರಶ್ನೆಯೇ. ತಪ್ಪು ಮಾಡಿದವನು ಬಲಿ ತರಬೇಕು, ಯಾಜಕನು ಅವನಿಗಾಗಿ ಪ್ರಾಯಶ್ಚಿತ್ತ ಮಾಡಬೇಕು, ಆಗ ಅವನಿಗೆ ಕ್ಷಮೆ ಆಗುವುದು ಎಂದು ಬೈಬಲ್‌ನ ಯಾಜಕಕಾಂಡ ಹೇಳುತ್ತದೆ. ದೇವಾಲಯ ಇದ್ದದ್ದು ಯೆರೂಸಲೇಮಿನಲ್ಲಿ. ಗಲಿಲಾಯದಿಂದ ಚುರುಕಾಗಿ ನಡೆದರೂ ಮೂರು ದಿನದ ದಾರಿ. ನಡೆಯಲಾರದವನಿಗೆ? ಇಲ್ಲಿ ಒಬ್ಬ ಬಡಗಿ ಮಣ್ಣು ಉದುರುವ ಕೋಣೆಯಲ್ಲಿ ನಿಂತು, ಬಲಿ ಇಲ್ಲದೆ, ಯಾಜಕನಿಲ್ಲದೆ, ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಶಾಸ್ತ್ರಿಗಳು ಗಾಬರಿಯಾಗದಿದ್ದರೆ ಅದೇ ಆಶ್ಚರ್ಯ.

ಅವರು ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲೇ ಅಂದುಕೊಂಡರು. ಯೇಸು ಅದನ್ನು ಗ್ರಹಿಸಿ ಒಂದು ಪ್ರಶ್ನೆ ಹಾಕುತ್ತಾರೆ: ನಿನ್ನ ಪಾಪ ಕ್ಷಮಿಸಲಾಗಿದೆ ಅನ್ನುವುದು ಸುಲಭವೋ, ಎದ್ದು ಚಾಪೆ ಎತ್ತಿಕೊಂಡು ನಡೆ ಅನ್ನುವುದು ಸುಲಭವೋ?

ಇದು ಕೇಳಿದಷ್ಟು ಸಲೀಸಾದ ಪ್ರಶ್ನೆ ಅಲ್ಲ. ಬಾಯಲ್ಲಿ ಹೇಳಲು ಮೊದಲನೆಯದು ಸುಲಭ. ಯಾಕೆಂದರೆ ಪಾಪ ಹೋಯಿತೋ ಇಲ್ಲವೋ ಯಾರಿಗೂ ಕಾಣುವುದಿಲ್ಲ. ಎರಡನೆಯದನ್ನು ಹೇಳಿದರೆ ಮರುಕ್ಷಣವೇ ಬಂಡವಾಳ ಬಯಲು. ಆದರೆ ಮಾಡಲು? ದೇವರೊಬ್ಬನೇ ಮಾಡಬಲ್ಲದ್ದು ಮೊದಲನೆಯದು ಎಂದು ಶಾಸ್ತ್ರಿಗಳೇ ಒಪ್ಪಿದ್ದಾರೆ. ಯೇಸು ಕಾಣುವುದನ್ನು ಮಾಡಿ ತೋರಿಸಿ ಕಾಣದ್ದಕ್ಕೆ ಸಾಕ್ಷಿ ಕೊಡುತ್ತಾರೆ. ಕೈಕಾಲು ಬಂದದ್ದು ಇಲ್ಲಿ ರಸೀದಿ ಇದ್ದ ಹಾಗೆ.

ಇಲ್ಲೇ ಹತ್ತನೇ ವಚನದಲ್ಲಿ ಒಂದು ಮಜಾ ಇದೆ. ಅಲ್ಲಿ ಯೇಸು ತಮ್ಮನ್ನೇ "ಮನುಷ್ಯಕುಮಾರ" ಎಂದು ಕರೆದುಕೊಳ್ಳುತ್ತಾರೆ. "ಮನುಷ್ಯಕುಮಾರನಿಗೆ ಭೂಮಿಯ ಮೇಲೆ ಪಾಪಗಳನ್ನು ಕ್ಷಮಿಸುವ ಅಧಿಕಾರ ಉಂಟೆಂದು ನಿಮಗೆ ಗೊತ್ತಾಗಬೇಕು" ಎಂದು ಶುರುವಾದ ಮಾತು ನಡುವೆ ತುಂಡಾಗುತ್ತದೆ. "ಪಾರ್ಶ್ವವಾಯು ರೋಗಿಗೆ ಹೇಳುತ್ತಾರೆ" ಎಂದು ಮಾರ್ಕ ಮೂಗು ತೂರಿಸುತ್ತಾನೆ. ಆಮೇಲೆ ಮಾತು ರೋಗಿಯ ಕಡೆ ತಿರುಗುತ್ತದೆ. ವಾಕ್ಯ ಸ್ವಲ್ಪ ಕುಂಟುತ್ತದೆ. ವಿಶೇಷ ಏನೆಂದರೆ ಮತ್ತಾಯ, ಲೂಕ ಇಬ್ಬರ ವಾಕ್ಯವೂ ಸರಿಯಾಗಿ ಅದೇ ಜಾಗದಲ್ಲಿ ಅದೇ ಥರ ಕುಂಟುತ್ತದೆ. ಮೂವರು ಬೇರೆ ಬೇರೆಯಾಗಿ ಕೇಳಿ ಬರೆದಿದ್ದರೆ ಹೀಗಾಗುವುದು ಕಷ್ಟ. ಈ ಮೂರು ಸುವಾರ್ತೆಗಳ ನಡುವೆ ಬರಹದ ನಂಟು ಇದೆ, ಮಾರ್ಕನೇ ಮೊದಲನೆಯವನು, ಉಳಿದವರು ಅವನನ್ನು ಮುಂದಿಟ್ಟುಕೊಂಡು ಬರೆದರು ಎಂದು ಬಹುಪಾಲು ವಿದ್ವಾಂಸರು ಹೇಳಲು ಇಂಥ ಜಾಗಗಳೂ ಕಾರಣ.

"ಮನುಷ್ಯಕುಮಾರ" ಎಂಬ ಬಿರುದು ಮಾರ್ಕನಲ್ಲಿ 14 ಸಲ ಬರುತ್ತದೆ. ಮೊದಲ ಸಲ ಬರುವುದು ಇಲ್ಲಿ. ದೇವದೂಷಣೆ ಎಂಬ ಆರೋಪವೂ ಯೇಸುವಿನ ಮೇಲೆ ಮೊದಲು ಬೀಳುವುದು ಇಲ್ಲೇ. 14ನೇ ಅಧ್ಯಾಯದಲ್ಲಿ ಮಹಾಯಾಜಕನ ಮುಂದೆ ವಿಚಾರಣೆ ನಡೆದಾಗ ಇವೆರಡೂ ಮತ್ತೆ ಎದುರುಬದುರಾಗುತ್ತವೆ. ಆ ಸಲ ತೀರ್ಪು ಮರಣದಂಡನೆ. ಹಾಗಾಗಿ ಕಪೆರ್ನೌಮಿನ ಈ ಮನೆಯಿಂದಲೇ ಶಿಲುಬೆಯ ದಾರಿ ಶುರುವಾಗುತ್ತದೆ ಎಂದರೆ ತಪ್ಪಿಲ್ಲ. "ಏಳು" ಎಂದು ರೋಗಿಗೆ ಹೇಳಿದ ಕ್ರಿಯಾಪದವೇ ಕೊನೆಯ ಅಧ್ಯಾಯದಲ್ಲಿ ಖಾಲಿ ಸಮಾಧಿಯ ಬಳಿ "ಎದ್ದಿದ್ದಾನೆ" ಎಂದು ಬರುತ್ತದೆ.

ಮತ್ತಾಯ ಕೊನೆಯಲ್ಲಿ ಸೇರಿಸಿದ ಒಂದು ಮಾತನ್ನೂ ನೋಡಿಬಿಡಿ. ಇಂಥ ಅಧಿಕಾರವನ್ನು "ಮನುಷ್ಯರಿಗೆ" ಕೊಟ್ಟ ದೇವರನ್ನು ಜನ ಕೊಂಡಾಡಿದರಂತೆ. ಬಹುವಚನ. ಒಬ್ಬನಿಗೆ ಅಲ್ಲ, ಮನುಷ್ಯರಿಗೆ.

ಚಾಪೆ

ಕೊನೆಗೆ ಆ ಚಾಪೆ. ಮಾರ್ಕ ಅದಕ್ಕೆ ಬಳಸಿದ ಪದ "ಕ್ರಾಬಟ್ಟೋಸ್". ಬಡವರ ಹಾಸಿಗೆ, ಬೀದಿಯ ಮಾತು. ಓದಿದವರು ಬರೆಯಲು ಹಿಂಜರಿಯುತ್ತಿದ್ದ ಪದ. ಮತ್ತಾಯ, ಲೂಕ ಇಬ್ಬರೂ ಅದನ್ನು ತೆಗೆದು ಇನ್ನಷ್ಟು ಮರ್ಯಾದಸ್ತ ಪದ ಹಾಕಿದ್ದಾರೆ.

ಇದರ ಬಗ್ಗೆ ಐದನೇ ಶತಮಾನದ ಇತಿಹಾಸಕಾರ ಸೊಜೊಮೆನ್ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಸೈಪ್ರಸ್ ದ್ವೀಪದಲ್ಲಿ ಬಿಷಪ್‌ಗಳ ಸಭೆ. ತ್ರಿಫಿಲಿಯಸ್ ಎಂಬ ಬಿಷಪ್ ಬಹಳ ಓದಿಕೊಂಡವರು, ಮಾತುಗಾರರು. ಉಪದೇಶ ಮಾಡುತ್ತಾ "ನಿನ್ನ ಕ್ರಾಬಟ್ಟೋಸ್ ಎತ್ತಿಕೊಂಡು ನಡೆ" ಎಂಬಲ್ಲಿ ಆ ಪದ ಬಿಟ್ಟು ಶಿಷ್ಟರ ಪದ ಹೇಳಿದರು. ಚಾಪೆ ಅನ್ನಲು ನಾಚಿ ಶಯನಾಸನ ಅಂದ ಹಾಗೆ. ಅಲ್ಲಿ ಸ್ಪಿರಿಡಾನ್ ಎಂಬ ಇನ್ನೊಬ್ಬ ಬಿಷಪ್ ಇದ್ದರು. ಬಿಷಪ್ ಆದ ಮೇಲೂ ಕುರಿ ಮೇಯಿಸುತ್ತಿದ್ದವರು. ಆ ಪದ ಹೇಳಿದಾತನಿಗಿಂತ ನೀನು ದೊಡ್ಡವನೋ, ಅವನ ಮಾತು ಬಳಸಲು ನಿನಗೆ ನಾಚಿಕೆಯೋ ಎಂದು ಎಲ್ಲರ ಮುಂದೆ ಕೇಳಿ, ತಮ್ಮ ಪೀಠದಿಂದ ಎದ್ದುಬಿಟ್ಟರಂತೆ.

ಸಿರಿಯಾದ ಯೂಫ್ರೆಟಿಸ್ ನದಿ ದಂಡೆಯಲ್ಲಿ ದುರಾ ಯುರೋಪೋಸ್ ಎಂಬ ಊರಿತ್ತು. ಮೂರನೇ ಶತಮಾನದ ನಡುವಿನಲ್ಲಿ ಅದು ಪರ್ಷಿಯನ್ನರ ಪಾಲಾಗಿ ಮಣ್ಣಿನಡಿ ಸೇರಿತು. 1930ರ ದಶಕದ ಶುರುವಿನಲ್ಲಿ ಅಲ್ಲಿ ಉತ್ಖನನ ಮಾಡಿದಾಗ, ಕ್ರೈಸ್ತರು ಪ್ರಾರ್ಥನೆಗೆ ಬಳಸುತ್ತಿದ್ದ ಒಂದು ಮನೆ ಸಿಕ್ಕಿತು. ದೀಕ್ಷಾಸ್ನಾನದ ಕೋಣೆಯ ಗೋಡೆಯ ಮೇಲೆ ಚಿತ್ರಗಳಿದ್ದವು. ಈಗ ಅವು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿವೆ. ಒಂದರಲ್ಲಿ ಈ ಪಾರ್ಶ್ವವಾಯು ರೋಗಿ ಇದ್ದಾನೆ. ಯೇಸುವಿನ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೂ ಒಂದು.

ಬರೆದವನು ಮಾಳಿಗೆ ಬರೆದಿಲ್ಲ. ಶಾಸ್ತ್ರಿಗಳಿಲ್ಲ, ಜನಜಂಗುಳಿ ಇಲ್ಲ, ನಾಲ್ವರೂ ಇಲ್ಲ. ಮೇಲೆ ಕೈಚಾಚಿ ನಿಂತ ಯೇಸು. ಒಂದು ಕಡೆ ಹಾಸಿಗೆಯ ಮೇಲೆ ಮಲಗಿದವನು. ಪಕ್ಕದಲ್ಲೇ ಅವನೇ ಮತ್ತೊಮ್ಮೆ, ಎದ್ದು ನಿಂತು, ಆ ಹಾಸಿಗೆಯನ್ನು ಬೆನ್ನ ಮೇಲೆ ಹೊತ್ತು ಹೊರಟವನು.